ಟೈಟಲ್ ಬಾರ್‌ನಲ್ಲಿ ಒತ್ತಕ್ಷರ ಪೂರ್ತಿ ಕಾಣಬೇಕು

ನನ್ನ ಫೈಲುಗಳಿಗೆ ನಾನು ಕನ್ನಡದಲ್ಲೇ ಹೆಸರಿಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಇರುವುದು ಡೆಬಿಯನ್ ಲಿನಕ್ಸ್, ಅದರ ಮೇಲೆ ಎಕ್ಸ್‌ಎಫ್‌ಸಿಇ (Xfce) ಅನ್ನುವ ಡೆಸ್ಕ್‌ಟಾಪ್. ಟೈಟಲ್ ಬಾರ್, ಅಂದರೆ ವಿಂಡೋದ ಮೇಲೆ ಹೆಸರು ತೋರಿಸುವ ಪಟ್ಟಿ, ತೆಳ್ಳಗಿರುವ ಥೀಮ್ ಒಂದನ್ನು ಹಾಕಿಕೊಂಡಿದ್ದೆ, ನೋಡಲು ಚೆನ್ನಾಗಿತ್ತು. ಆದರೆ ಕಣ್ಣಿಗೆ ಅನುಕೂಲ ಅಂತ ಅಕ್ಷರ ಸ್ವಲ್ಪ ದೊಡ್ಡದು ಮಾಡಿದ್ದೇ ತಡ, ವಿಂಡೋ ತಲೆಯ ಮೇಲೆ 'ಹಳ್ಳಿ' ಹೋಗಿ 'ಹಳಿ' ಆಯಿತು, 'ಬಳ್ಳಿ' ಹೋಗಿ 'ಬಳಿ' ಆಯಿತು. ಒತ್ತಕ್ಷರ ಕೂರುವುದು ಸಾಲಿನ ಕೆಳಗೆ ಅಲ್ವಾ, ಅಷ್ಟು ಜಾಗ ಆ ಪಟ್ಟಿಯಲ್ಲಿ ಇರಲೇ ಇಲ್ಲ.

ಮೊದಲು ಫಾಂಟ್ ಬದಲಿಸಿ ನೋಡಿದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋ ಮ್ಯಾನೇಜರ್ ತೆರೆದರೆ ಸ್ಟೈಲ್ ಅನ್ನುವ ಮೊದಲ ಪುಟದಲ್ಲೇ ಟೈಟಲ್ ಫಾಂಟ್ ಇದೆ. ನೋಟೋ ಸಾನ್ಸ್ ಕನ್ನಡ ಹಾಕಿದೆ, ಲೋಹಿತ್ ಹಾಕಿದೆ, ಎರಡರಲ್ಲೂ ಅದೇ ಕತೆ. ಅಕ್ಷರ ಚಿಕ್ಕದು ಮಾಡಿದರೆ ಒತ್ತು ಕಾಣುತ್ತದೆ ನಿಜ, ಆದರೆ ಓದಲು ಕಣ್ಣು ಕಿರಿದು ಮಾಡಬೇಕು. ಅದು ನನಗೆ ಬೇಡ.

ವಿಷಯ ಏನೆಂದರೆ, ಎಕ್ಸ್‌ಎಫ್‌ಸಿಇಯಲ್ಲಿ ಟೈಟಲ್ ಬಾರ್ ಎಷ್ಟು ಎತ್ತರ ಅನ್ನುವುದನ್ನು ತೀರ್ಮಾನಿಸುವುದು ಫಾಂಟ್ ಅಲ್ಲ, ಥೀಮ್‌ನ ಚಿತ್ರಗಳು. ಪಟ್ಟಿಯನ್ನು ಐದು ತುಂಡು ಚಿತ್ರ ಸೇರಿಸಿ ಕಟ್ಟಿರುತ್ತಾರೆ, ಎರಡು ಮೇಲ್ಮೂಲೆಗಳು ಬೇರೆ. ಮುಂದಿರುವ ವಿಂಡೋಗೆ ಇಂಥ ಏಳರ ಒಂದು ಸೆಟ್, ಹಿಂದಿರುವುದಕ್ಕೆ ಇನ್ನೊಂದು, ಒಟ್ಟು 14 ಚಿತ್ರ. ಅಷ್ಟನ್ನೂ ಒಂದೇ ಅಳತೆಗೆ ಎತ್ತರಿಸಿದರೆ ಮುಗಿಯಿತು. ಬಟನ್‌ಗಳು ತಾವಾಗಿಯೇ ನಡುವೆ ಬಂದು ನಿಲ್ಲುತ್ತವೆ.

ಚಿತ್ರ ಅಂದ ತಕ್ಷಣ ಚಿತ್ರ ತಿದ್ದುವ ಗಿಂಪ್ ಪ್ರೋಗ್ರಾಂ ತೆರೆಯಬೇಡಿ. ನಾನು ಹಾಗೆ ಮಾಡಿ ಒಂದು ಸಂಜೆ ಕಳೆದುಕೊಂಡೆ. ಇವು ಎಕ್ಸ್‌ಪಿಎಂ (XPM) ಫೈಲುಗಳು, ಒಳಗಿರುವುದು ಬರೀ ಅಕ್ಷರಗಳೇ. ಚಿತ್ರದ ಒಂದೊಂದು ಸಾಲಿಗೆ ಫೈಲಿನಲ್ಲೂ ಒಂದೊಂದು ಸಾಲು, ಮೇಲುಗಡೆ ಅಗಲ, ಎತ್ತರ, ಬಣ್ಣಗಳ ಲೆಕ್ಕ. ಆ ಬಣ್ಣಗಳಿಗೆ ಹೆಸರು ಕೊಟ್ಟಿರುತ್ತಾರೆ, ಅದರಿಂದಲೇ ನೀವು ಡೆಸ್ಕ್‌ಟಾಪ್ ಬಣ್ಣ ಬದಲಿಸಿದಾಗ ಟೈಟಲ್ ಬಾರ್ ಕೂಡ ಜೊತೆಗೆ ಬದಲಾಗುವುದು, ಗಿಂಪ್‌ನಲ್ಲಿ ಉಳಿಸಿದರೆ ಆ ಹೆಸರುಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಸಾಮಾನ್ಯ ಟೆಕ್ಸ್ಟ್ ಎಡಿಟರ್‌ನಲ್ಲೇ ತೆರೆಯಿರಿ. ನಡುವಿನ ಒಂದು ಸಾಲನ್ನು ಬೇಕಾದಷ್ಟು ಸಲ ಕಾಪಿ ಮಾಡಿ, ಮೇಲಿನ ಎತ್ತರದ ಅಂಕಿಯನ್ನೂ ಅಷ್ಟೇ ಹೆಚ್ಚಿಸಿ. ನಾನು 32 ಪಿಕ್ಸೆಲ್‌ಗೆ ತಂದೆ.

ಇದೆಲ್ಲ ಮಾಡುವ ಮುಂಚೆ ಥೀಮ್‌ನ ಫೋಲ್ಡರ್ ಅನ್ನು ನಿಮ್ಮ ಹೋಮ್‌ನಲ್ಲಿರುವ ಡಾಟ್ ಥೀಮ್ಸ್ (.themes) ಫೋಲ್ಡರ್‌ಗೆ ಬೇರೆ ಹೆಸರಲ್ಲಿ ಕಾಪಿ ಮಾಡಿಕೊಳ್ಳಿ. ಸಿಸ್ಟಮ್‌ನ ಜಾಗದಲ್ಲೇ ತಿದ್ದಿದರೆ ಮುಂದಿನ ಅಪ್‌ಡೇಟ್‌ನಲ್ಲಿ ಎಲ್ಲ ಹೋಗಬಹುದು. ಅದೇ ಫೋಲ್ಡರ್‌ನಲ್ಲಿ ಥೀಮ್‌ಆರ್‌ಸಿ (themerc) ಅಂತ ಒಂದು ಚಿಕ್ಕ ಫೈಲ್ ಇರುತ್ತದೆ, ಅಕ್ಷರವನ್ನು ಒಂದೆರಡು ಪಿಕ್ಸೆಲ್ ಮೇಲೆ ಕೆಳಗೆ ಸರಿಸಲು ಅದರಲ್ಲಿ ಜಾಗ ಇದೆ. ನಾನು ಒಂದು ಪಿಕ್ಸೆಲ್ ಮೇಲಕ್ಕೆ ಎತ್ತಿದೆ, 'ಸ್ತ್ರೀ' ಅಂತ ಬರೆದರೂ ಈಗ ಪೂರ್ತಿ ಕಾಣುತ್ತದೆ! ಎಷ್ಟು ಖುಷಿಯಾಯಿತು ಅಂದರೆ, ಸುಮ್ನೆ ಒಂದಾದ ಮೇಲೊಂದು ಫೈಲ್ ತೆರೆದು ನೋಡುತ್ತಾ ಕೂತೆ.

ಎಲ್ಲ ವಿಂಡೋಗೂ ಇದು ಅನ್ವಯಿಸುವುದಿಲ್ಲ. ಗ್ನೋಮ್ ಅನ್ನುವ ಇನ್ನೊಂದು ಡೆಸ್ಕ್‌ಟಾಪ್‌ನ ಪ್ರೋಗ್ರಾಂಗಳು ತಮ್ಮ ಪಟ್ಟಿಯನ್ನು ತಾವೇ ಬರೆದುಕೊಳ್ಳುತ್ತವೆ, 2020ರ ಡಿಸೆಂಬರ್‌ನಲ್ಲಿ ಬಂದ 4.16 ಆವೃತ್ತಿಯಲ್ಲಿ ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ಸ್ ವಿಂಡೋಗಳೂ ಅದೇ ದಾರಿ ಹಿಡಿದವು. ನನಗೆ ಇದು ಇಷ್ಟವಿಲ್ಲ. ಪಟ್ಟಿ ಹೇಗಿರಬೇಕು ಅನ್ನುವುದು ಕೂತು ಓದುವವರ ಕೈಯಲ್ಲಿರಬೇಕು. ಫೈರ್‌ಫಾಕ್ಸ್‌ನಲ್ಲಾದರೆ ಟೂಲ್‌ಬಾರ್ ಬದಲಿಸುವ ಪುಟದ ಕೆಳಗೆ ಟೈಟಲ್ ಬಾರ್ ಅಂತ ಒಂದು ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿದರೆ ನಮ್ಮ ಪಟ್ಟಿ ವಾಪಸ್ ಬರುತ್ತದೆ.

ಮೊನ್ನೆ ಅದೇ ಫೋಲ್ಡರ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಅಕ್ಕನ ಲ್ಯಾಪ್‌ಟಾಪ್‌ಗೂ ಇಳಿಸಿದೆ. ಅವಳ ಸ್ಕ್ರೀನ್ ಚಿಕ್ಕದು, ಅದಕ್ಕೆ 28 ಸಾಕಾಯಿತು.