180 ಕುರ್ಚಿಯ ಸಂಗೀತ ಸಭಾಂಗಣ ಎಷ್ಟು ಬಾಡಿಗೆ ತಡೆದೀತು?

ಮೈಸೂರಿನಲ್ಲಿ ಒಂದು ಪುಟ್ಟ ಸಭಾಂಗಣ ಮಾಡಿ ಟಿಕೆಟ್ ಇಟ್ಟು ಕಛೇರಿ ನಡೆಸಬೇಕು ಅನ್ನುವವರು ಸಾಮಾನ್ಯವಾಗಿ ಕುರ್ಚಿಯಿಂದ ಲೆಕ್ಕ ಶುರುಮಾಡುತ್ತಾರೆ. 180 ಕುರ್ಚಿ, 400 ರೂಪಾಯಿ ಟಿಕೆಟ್, ಸಂಜೆಗೆ 72,000. ತಿಂಗಳಿಗೆ ಹನ್ನೆರಡು ಕಾರ್ಯಕ್ರಮ ಅಂದರೆ ಎಂಟೂವರೆ ಲಕ್ಷದ ಮೇಲಾಯಿತು. ಕಾಗದದ ಮೇಲೆ ಇಷ್ಟು ಚೆಂದ ಕಾಣುವ ವ್ಯಾಪಾರ ಕಡಿಮೆ. ಕುರ್ಚಿ ಎಣಿಸುವ ಮೊದಲು ಕ್ಯಾಲೆಂಡರ್ ತೆಗೆದು ಸಂಜೆಗಳನ್ನು ಎಣಿಸಿ.

ಜನ ದುಡ್ಡು ಕೊಟ್ಟು ಸಂಗೀತಕ್ಕೆ ಬರುವುದು ಶುಕ್ರವಾರ, ಶನಿವಾರ, ಭಾನುವಾರ. ವರ್ಷಕ್ಕೆ 156 ಸಂಜೆ. ಈಗ ಕಳೆಯುತ್ತಾ ಬನ್ನಿ. ಗಣೇಶನ ಹಬ್ಬದಲ್ಲಿ ವಿ.ವಿ. ಮೊಹಲ್ಲಾದ 8ನೇ ಕ್ರಾಸಿನ ಪೆಂಡಾಲಿನಲ್ಲಿ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ ನಡೆಯುತ್ತಿರುತ್ತದೆ, ಟಿಕೆಟ್ ಇಲ್ಲ. ದಸರೆಯಲ್ಲಿ ಅರಮನೆಯ ಮುಂದಿನ ವೇದಿಕೆ ಇದೆ. ರಾಮನವಮಿಗೆ ಪಾನಕ, ಕೋಸಂಬರಿ ಸಮೇತ ಸಂಗೀತ. ಫೆಬ್ರವರಿ, ಮಾರ್ಚ್‌ನಲ್ಲಿ ಮಕ್ಕಳ ಪರೀಕ್ಷೆ ಇರುವ ಮನೆಯವರು ಹೊರಗೆ ಕಾಲಿಡುವುದಿಲ್ಲ. ದೀಪಾವಳಿ, ಸಾಲು ರಜೆಗಳಲ್ಲಿ ಊರೇ ಖಾಲಿ. ಉಳಿಯುವುದು 105–110 ಸಂಜೆ ಎಂದು ಹಿಡಿಯಿರಿ. ತಿಂಗಳಿಗೆ ಎಂಟು ಟಿಕೆಟ್ ಕಾರ್ಯಕ್ರಮ ಅಂದರೆ ವರ್ಷಕ್ಕೆ 96 ಆಗುತ್ತದೆ, ಅದು ಆಗಲೇ ಛಾವಣಿಗೆ ತಲೆ ತಾಗುವ ಸಂಖ್ಯೆ. ಹನ್ನೆರಡರ ಮಾತು ಇಲ್ಲಿಗೇ ಮುಗಿಯಿತು.

ಈ ಊರಿನಲ್ಲಿ ನಿಮ್ಮ ನಿಜವಾದ ಪ್ರತಿಸ್ಪರ್ಧಿ ಬಿಟ್ಟಿ ಕಛೇರಿ. ಒಳ್ಳೆಯ ಸಂಗೀತ ಇಲ್ಲಿ ಧಾರಾಳವಾಗಿ ಸಿಗುತ್ತದೆ, ಕೇಳುಗರ ಕಿವಿಯೂ ಪಳಗಿದ್ದು. ಅದಕ್ಕೆ ಪ್ರತಿ ಸಲ ಜೇಬಿಗೆ ಕೈ ಹಾಕುವ ಅಭ್ಯಾಸ ಮಾತ್ರ ಇಲ್ಲ. “ಪಾಸ್ ಇದೆಯಾ?” ಎಂಬ ಪ್ರಶ್ನೆಯನ್ನು ಲೆಕ್ಕದಲ್ಲೇ ಸೇರಿಸಬೇಕು. ಕಲಾವಿದರ ಮನೆಯವರು, ಪತ್ರಕರ್ತರು, ಪಕ್ಕದ ಮನೆಯವರು ಅಂತ 15 ಕುರ್ಚಿ ಹೋಗುತ್ತದೆ. ಮಾರುವುದಕ್ಕೆ ಸಿಗುವುದು 165.

ಒಂದು ಸಂಜೆಯ ಲೆಕ್ಕ ಹೀಗೆ. ಸರಾಸರಿ 100 ಟಿಕೆಟ್ ಮಾರಾಟವಾಯಿತು ಎನ್ನೋಣ. ಹೊಸ ಜಾಗಕ್ಕೆ ಇದು ಉದಾರವಾದ ಅಂದಾಜು. 40,000 ಬಂತು. ಟಿಕೆಟ್ ಆ್ಯಪ್ ಮತ್ತು ಪಾವತಿಯ ಕಮಿಷನ್ 8 ಪರ್ಸೆಂಟ್ ಹೋದರೆ 36,800. ಕಲಾವಿದರೊಂದಿಗೆ ಗಳಿಕೆಯಲ್ಲಿ 60:40 ಒಪ್ಪಂದವಾದರೆ ನಿಮಗೆ ಉಳಿಯುವುದು 14,720. ಕರೆಂಟಿಗೆ 900, ಬಾಗಿಲಲ್ಲಿ ನಿಲ್ಲುವ ಇಬ್ಬರಿಗೆ 1,200, ಪೋಸ್ಟರು ಮತ್ತು ಫೇಸ್‌ಬುಕ್ ಜಾಹೀರಾತಿಗೆ 2,000, ಕಾಫಿ, ನೀರು, ಹಾರ, ಕಲಾವಿದರ ಓಡಾಟಕ್ಕೆ 620. ಕೈಗೆ ಬಂದದ್ದು 10,000.

60:40ಕ್ಕೆ ಎಲ್ಲರೂ ಒಪ್ಪುವುದಿಲ್ಲ. ಮುಖ್ಯ ಗಾಯಕರು, ಪಿಟೀಲು, ಮೃದಂಗ ಸೇರಿ 30,000 ಖಚಿತ ಸಂಭಾವನೆ ಅಂದರೆ ಅದೇ 100 ಟಿಕೆಟಿನ ಸಂಜೆಯಲ್ಲಿ ಉಳಿಯುವುದು 2,080. ಟಿಕೆಟ್ 94ಕ್ಕೆ ನಿಂತರೆ ಕೈಯಿಂದ ಹೋಗುತ್ತದೆ. ಜೋರು ಮಳೆ ಬಂದ ಒಂದು ಸಂಜೆ ನಾಲ್ಕು ಒಳ್ಳೆಯ ಸಂಜೆಗಳನ್ನು ನುಂಗುವುದು ಹೀಗೆ. ಅಂದಹಾಗೆ ಮೈಸೂರಿನಲ್ಲಿ ಸಂಜೆಯ ಗುಡುಗುಮಳೆ ಹೆಚ್ಚು ಹೊಡೆಯುವುದು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಖಚಿತ ಸಂಭಾವನೆಯ ಕಾರ್ಯಕ್ರಮಗಳನ್ನು ಆ ತಿಂಗಳುಗಳಿಂದ ದೂರ ಇಡುವುದು ಕ್ಷೇಮ.

ಇನ್ನು ತಿಂಗಳ ಖರ್ಚು. 180 ಜನರಿಗೆ ಕುರ್ಚಿ, ಓಡಾಡುವ ದಾರಿ, ವೇದಿಕೆ, ಗ್ರೀನ್ ರೂಮ್, ಮುಂದಿನ ಹಜಾರ, ಶೌಚಾಲಯ ಎಲ್ಲ ಸೇರಿ 3,000 ಚದರಡಿ ಬೇಕು. ಚದರಡಿಗೆ 40 ರೂಪಾಯಿಯಂತೆ ಬಾಡಿಗೆ 1,20,000. ನಿಮಗೆ ಹೇಳಿರುವ ದರವನ್ನು ಇಲ್ಲಿ ಹಾಕಿಕೊಳ್ಳಿ. ಮ್ಯಾನೇಜರ್, ಸೌಂಡ್ ನೋಡಿಕೊಳ್ಳುವವರು, ಸಹಾಯಕ, ಕಾವಲು ಸೇರಿ 88,000. ವಿದ್ಯುತ್ತಿನ ನಿಗದಿತ ಶುಲ್ಕ ಮತ್ತು ದಿನದ ದೀಪಕ್ಕೆ 20,000. ರಿಪೇರಿ, ವಿಮೆ, ಪರವಾನಗಿ 20,000. ಲೆಕ್ಕಪತ್ರದವರಿಗೆ 7,000.

ಇದರ ಮೇಲೆ ಎಲ್ಲರೂ ಮರೆಯುವ ಬಾಬ್ತು: ಒಳಾಂಗಣಕ್ಕೆ ಸುರಿದ ಬಂಡವಾಳ. ಗೋಡೆ, ಛಾವಣಿ, ಬಾಗಿಲಿನ ಶಬ್ದನಿರೋಧಕ್ಕೆ 12 ಲಕ್ಷ, ಸೌಂಡ್ ಸಿಸ್ಟಮ್ 8, ಎಸಿ 8, ಕುರ್ಚಿ 6.3, ವೇದಿಕೆ ಮತ್ತು ಲೈಟು 5, ಜನರೇಟರ್ ಮತ್ತು ವೈರಿಂಗ್ 5.7. ಒಟ್ಟು 45 ಲಕ್ಷ. ಐದು ವರ್ಷಕ್ಕೆ ಹಂಚಿದರೆ ತಿಂಗಳಿಗೆ 75,000. ಎಸಿಯಲ್ಲಿ ಜಿಪುಣತನ ಬೇಡ. ಸುಮ್ಮನೆ ಕೂತ ಮನುಷ್ಯನ ಮೈಯಿಂದಲೇ ನೂರು ವಾಟಿನ ಮೇಲೆ ಶಾಖ ಬರುತ್ತದೆ. 180 ಜನರ ಮೈಬಿಸಿ ತಣಿಸುವುದಕ್ಕೇ ಆರು ಟನ್ ಬೇಕು. ಛಾವಣಿ, ದೀಪ, ಹೊರಗಿನ ಗಾಳಿ ಸೇರಿಸಿದರೆ ಹನ್ನೆರಡಕ್ಕೆ ಕಡಿಮೆ ಆಗದು. ಗೋಡೆಗೆ ತೂಗುಹಾಕುವ ಸಣ್ಣ ಎಸಿಗಳನ್ನು ಸಾಲಾಗಿ ಹಾಕಿದರೆ ಅವುಗಳ ಗುಂಯ್‌ಗುಡುವಿಕೆ ತಂಬೂರಿಯ ಮೇಲೆ ಕೂರುತ್ತದೆ, ಆಮೇಲೆ ಆಲಾಪನೆ ಹೊತ್ತಿಗೆ ಎಸಿ ಆಫ್ ಮಾಡಿ ಎಂಬ ಜಗಳ.

ಒಟ್ಟು ತಿಂಗಳ ಸ್ಥಿರ ಖರ್ಚು 3,30,000. ಒಂದು ಸಂಜೆಯ ಉಳಿಕೆ 10,000. ಅಂದರೆ ತಿಂಗಳಿಗೆ 33 ಸಂಜೆ ಕಛೇರಿ ನಡೆಯಬೇಕು.

ಹಾಗಾಗಿ ಟಿಕೆಟ್ ಇಂಥ ಜಾಗದ ಮುಖ್ಯ ಆದಾಯ ಆಗಲಾರದು. ಉಳಿದ ಸಂಜೆಗಳನ್ನೂ ಹಗಲನ್ನೂ ಮಾರಬೇಕು. ಸಂಗೀತ ಶಾಲೆಗಳ ವಾರ್ಷಿಕೋತ್ಸವ, ಪುಸ್ತಕ ಬಿಡುಗಡೆ, ಸುಗಮ ಸಂಗೀತದ ಬಳಗ, ಕರೋಕೆ ಗುಂಪು ಇವೆಲ್ಲ ಬಾಡಿಗೆಗೆ ಬರುತ್ತವೆ. ಕರೋಕೆಯವರನ್ನು ಕಂಡು ಮೂಗು ಮುರಿಯಬೇಡಿ, ಅವರು ಮುಂಗಡ ಕೊಟ್ಟು ಬರುವವರು. ಭರತನಾಟ್ಯದ ರಂಗಪ್ರವೇಶವನ್ನು ಮಾತ್ರ ನಂಬಿಕೊಳ್ಳಬೇಡಿ. ಅದಕ್ಕೆ ಅಗಲವಾದ ಮರದ ವೇದಿಕೆ ಬೇಕು, ಜೊತೆಗೆ ಕರೆಯುವ ನೆಂಟರೇ ನಾನ್ನೂರು ಜನ.

ಸಂಜೆಗೆ 9,000 ಬಾಡಿಗೆ, ಖರ್ಚು ಕಳೆದು 7,000. ತಿಂಗಳಿಗೆ ಹತ್ತು ಬಂದರೆ 70,000. ಹಗಲು ಪಾಠ, ಅಭ್ಯಾಸಕ್ಕೆ ಗಂಟೆಗೆ 400ರಂತೆ ಕೊಟ್ಟರೆ 40,000 ಉಳಿದೀತು. ನಾಲ್ಕು ದಿನ ರೆಕಾರ್ಡಿಂಗ್‌ನಿಂದ 30,000. ಕ್ಯಾಂಟೀನಿನಿಂದ 25,000. ಇದನ್ನು ಮಾರಾಟದ ಪಾಲಿನ ಬದಲು ನಿಗದಿತ ಬಾಡಿಗೆಗೇ ಕೊಡಿ. ಆರಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುವ ಕಛೇರಿಯಲ್ಲಿ ತಿಂಡಿ ಮಾರುವುದಕ್ಕೆ ಸಿಗುವುದು ಐದೂವರೆಯ ಅರ್ಧ ಗಂಟೆ, ಮತ್ತೆ ತನಿ ಆವರ್ತನಕ್ಕೆ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಎದ್ದು ಬರುವ ಮಹನೀಯರು. ಎಂಟು ಟಿಕೆಟ್ ಸಂಜೆಯ 80,000 ಸೇರಿಸಿ ಒಟ್ಟು 2,45,000.

ಆದರೂ 85,000 ಕೊರತೆ. ಇಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಬೇಕು. ಬಾಡಿಗೆ ಬಿಟ್ಟು ಉಳಿದ ಸ್ಥಿರ ಖರ್ಚು 2,10,000. ಬರುವುದು 2,45,000. ಈ ಸಭಾಂಗಣ ತಡೆಯಬಲ್ಲ ಬಾಡಿಗೆ 35,000, ಅಂದರೆ ಚದರಡಿಗೆ ಹನ್ನೆರಡು ರೂಪಾಯಿಯೂ ಇಲ್ಲ. ಅಷ್ಟಕ್ಕೆ ಸಿಗುವುದು ಎಂಥ ಕಟ್ಟಡ? ಎರಡನೆಯ ಮಹಡಿ, ಶಾಲೆಯ ಹಳೆಯ ಹಾಲ್, ಟ್ರಸ್ಟಿನ ಕಟ್ಟಡ, ಇಲ್ಲವೇ ಶೀಟು ಹೊದಿಸಿದ ಗೋದಾಮು.

ಗೋದಾಮು ನೋಡಿ ಮರುಳಾಗುವವರೇ ಹೆಚ್ಚು: ಎತ್ತರ ಇದೆ, ಕಂಬ ಇಲ್ಲ, ಪಾರ್ಕಿಂಗ್ ಇದೆ. ಎರಡೂ ಕಡೆ ಗಿಲಾವು ಮಾಡಿದ ಒಂಬತ್ತಿಂಚು ಇಟ್ಟಿಗೆ ಗೋಡೆ ಸುಮಾರು 50 ಡೆಸಿಬಲ್ ತಡೆಯುತ್ತದೆ. ಬರೀ ತಗಡಿನ ಶೀಟು 20–25 ತಡೆದರೆ ಹೆಚ್ಚು. ಒಳಗೆ ಬ್ಯಾಂಡ್ 100 ಡೆಸಿಬಲ್‌ನಲ್ಲಿ ಬಾರಿಸಿದರೆ ಛಾವಣಿಯ ಮೇಲೆ 75 ಇರುತ್ತದೆ. ಶಬ್ದಮಾಲಿನ್ಯದ 2000ದ ನಿಯಮದಂತೆ ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಶೀಟಿನ ಕೆಳಗೆ ಎರಡು ಪದರ ಜಿಪ್ಸಮ್, ನಡುವೆ ರಾಕ್‌ವೂಲ್ (ಶಬ್ದ ಹೀರುವ ಕಲ್ಲಿನ ನಾರು) ಹಾಕಿ ಬೇರೆ ಚೌಕಟ್ಟಿನಿಂದ ಇಳಿಬಿಡಬೇಕು. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದಿ ಇದ್ದರೂ ಗೋಡೆಗೆ ಹಾಕಿದ ದುಡ್ಡು ನೀರಿಗೆ, ಅದಕ್ಕೇ ಒಂದರ ಹಿಂದೆ ಒಂದು ಎರಡು ಬಾಗಿಲು. ಮಳೆಗಾಲದಲ್ಲಿ ಶಬ್ದ ಹೊರಗಿನಿಂದ ಒಳಕ್ಕೂ ಬರುತ್ತದೆ, ವೀಣೆಯ ಕಛೇರಿ ಶೀಟಿನ ಮಳೆಗೆ ಸೋಲುತ್ತದೆ.

ಒಪ್ಪಂದಕ್ಕೆ ಮೊದಲೇ ಪರೀಕ್ಷೆ ಮಾಡಿ. ಬಾಡಿಗೆ ಸ್ಪೀಕರ್ ತಂದು ತಗ್ಗು ಸ್ವರ ಜೋರಾಗಿರುವ ಸಂಗೀತವನ್ನು 95 ಡೆಸಿಬಲ್‌ಗೆ ಹಾಕಿ, ರಾತ್ರಿ ಒಂಬತ್ತಕ್ಕೆ ಪಕ್ಕದ ಮನೆಯ ಕಾಂಪೌಂಡಿನ ಬಳಿ ನಿಂತು ಅಳೆಯಿರಿ. ಮೊಬೈಲ್ ಆ್ಯಪ್ ತಗ್ಗು ಸ್ವರವನ್ನು ಸರಿಯಾಗಿ ಹಿಡಿಯುವುದಿಲ್ಲ, ಮೀಟರ್ ಬೇಕು.

ತೆರಿಗೆಯಲ್ಲಿ ಎರಡು ಮಾತು. ಸಂಗೀತ ಕಾರ್ಯಕ್ರಮದ ಟಿಕೆಟ್ 500 ರೂಪಾಯಿವರೆಗೆ ಇದ್ದರೆ ಜಿಎಸ್‌ಟಿ ಇಲ್ಲ. ದಾಟಿದರೆ ಪೂರ್ತಿ ಮೊತ್ತಕ್ಕೆ 18 ಪರ್ಸೆಂಟ್. ತೆರಿಗೆ ಸೇರಿ 550ಕ್ಕೆ ಮಾರಿದರೆ ನಿಮಗೆ ಸಿಗುವುದು 466, ಅಂದರೆ 500ಕ್ಕಿಂತ ಕಡಿಮೆ. 501ರಿಂದ 589ರವರೆಗಿನ ಬೆಲೆ ಇಡುವುದೇ ನಷ್ಟ. ಟಿಕೆಟ್‌ಗೆ ತೆರಿಗೆ ಇಲ್ಲವಲ್ಲ ಎಂದು ನೋಂದಣಿ ಬಿಡುವಂತೆಯೂ ಇಲ್ಲ. ನೋಂದಣಿಗೆ ಇರುವ ವರ್ಷಕ್ಕೆ 20 ಲಕ್ಷ ವಹಿವಾಟಿನ ಮಿತಿಗೆ ವಿನಾಯಿತಿಯ ವಹಿವಾಟೂ ಸೇರುತ್ತದೆ, ಹಾಗಾಗಿ ಹಾಲ್ ಬಾಡಿಗೆಗೆ 18 ಪರ್ಸೆಂಟ್ ಹಾಕಲೇಬೇಕು. ಮೇಲೆ ಹೇಳಿದ 9,000 ಗಿರಾಕಿಯ ಬಾಯಲ್ಲಿ 10,620.

ತ್ಯಾಗರಾಜರಿಗೂ ದಾಸರಿಗೂ ರಾಯಧನ ಕೊಡಬೇಕಿಲ್ಲ. ಭಾವಗೀತೆಯ ಸಂಜೆಗೆ ಎಚ್ಚರ ಬೇಕು. ಹಕ್ಕುಸ್ವಾಮ್ಯ ಕವಿ ತೀರಿದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ: ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, ಕುವೆಂಪು ಅವರದಕ್ಕೆ 2054ರ ಕೊನೆಯವರೆಗೆ. ಸಿನಿಮಾ ಹಾಡಿನ ಪರವಾನಗಿ ಯಾರು ತೆಗೆಯಬೇಕು ಎಂಬುದನ್ನು ಬಾಡಿಗೆಯ ಕರಾರಿನಲ್ಲೇ ಬರೆಯಿರಿ.

ಬೇಡಿಕೆ ತಿಳಿಯುವ ದಾರಿ ಒಂದೇ. ಇರುವ ಯಾವುದಾದರೂ ಸಣ್ಣ ಹಾಲನ್ನು ಬಾಡಿಗೆಗೆ ಹಿಡಿದು, ಮೂರು ತಿಂಗಳಲ್ಲಿ ಆರು ಕಛೇರಿ, ಟಿಕೆಟ್ ಇಟ್ಟು, ಪಾಸ್ ಇಲ್ಲದೆ ನಡೆಸಿ. ವಾಟ್ಸಾಪಿನಲ್ಲಿ ಹೆಬ್ಬೆರಳು ಎತ್ತಿದವರನ್ನು ಎಣಿಸಬೇಡಿ. ದುಡ್ಡು ಕೊಟ್ಟವರ ಫೋನ್ ನಂಬರ್ ಇಟ್ಟುಕೊಂಡು, ಎರಡನೆಯ ಸಲ ಬಂದವರು ಎಷ್ಟು ಎಂದು ನೋಡಿ. ಮೊದಲ ಕಛೇರಿಗೆ ಸ್ನೇಹಿತರು ಬರುತ್ತಾರೆ, ನಾಲ್ಕನೆಯದಕ್ಕೆ ಬರುವವರೇ ಕೇಳುಗರು. ಆರರ ಸರಾಸರಿ 60 ದಾಟದಿದ್ದರೆ ಟಿಕೆಟ್ ಆದಾಯವನ್ನು ಸೊನ್ನೆ ಎಂದೇ ಬರೆದು, ಬರೀ ಬಾಡಿಗೆಯಿಂದ ಹಾಲ್ ನಡೆಯುತ್ತದೆಯೇ ಎಂದು ಲೆಕ್ಕ ಹಾಕಿ.

ಎಲ್ಲ ಕೂಡಿಬಂದರೂ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಬೇಡಿ. 45 ಲಕ್ಷದಲ್ಲಿ ಗೋಡೆ, ಛಾವಣಿ, ವೇದಿಕೆ, ವೈರಿಂಗ್ ಕಟ್ಟಡದಲ್ಲೇ ಉಳಿಯುತ್ತವೆ, ಜೊತೆಗೆ ಒಯ್ಯಬಹುದಾದದ್ದು ಕುರ್ಚಿ, ಎಸಿ, ಸೌಂಡ್, ಜನರೇಟರ್. ಕನಿಷ್ಠ ಐದು ವರ್ಷದ ಕರಾರು ನೋಂದಣಿಯಾಗಬೇಕು, ವಾರ್ಷಿಕ ಏರಿಕೆ ಅದರಲ್ಲೇ ನಮೂದಾಗಬೇಕು. ಕಟ್ಟಡದ ಸ್ವಾಧೀನಪತ್ರ, ಸಭೆ ನಡೆಸಲು ಬೇಕಾದ ಭೂಬಳಕೆ, ಎರಡು ಹೊರದಾರಿ, ಸಾಕಷ್ಟು ವಿದ್ಯುತ್ ಲೋಡ್ ಇವು ಮಾಲೀಕರ ಹೊಣೆ ಎಂದು ಬರೆಸಿ, ಪಾಲಿಕೆ ಮತ್ತು ಪೊಲೀಸ್ ಪರವಾನಗಿ ಕೈಗೆ ಬಂದ ದಿನದಿಂದ ಬಾಡಿಗೆ ಶುರುವಾಗುವಂತೆ ಒಪ್ಪಿಸಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಆರು ತಿಂಗಳ ಖರ್ಚನ್ನು ಬ್ಯಾಂಕಿನಲ್ಲಿಟ್ಟ ಮೇಲೆ ಉಳಿದರೆ ಮಾತ್ರ ಅದಕ್ಕೆ ಹೂಂ ಅನ್ನಿ.