"ಇದನ್ನು ಯಾವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೀರಿ?": ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೇಜಿನ ಮೇಲೆ ಸಣ್ಣ ಗೊಂಬೆಗಳನ್ನಿಟ್ಟು ಆಡುವ ಯುದ್ಧದಾಟಗಳಿಗಾಗಿ ನಾನು ವೈಜ್ಞಾನಿಕ ಕಲ್ಪನೆಯ ವಾಹನಗಳನ್ನು ಕಾಗದದಲ್ಲಿ ವಿನ್ಯಾಸ ಮಾಡುತ್ತೇನೆ. ಯಾರು ಬೇಕಾದರೂ ಮುದ್ರಿಸಿ, ಕತ್ತರಿಸಿ, ಅಂಟಿಸಿಕೊಳ್ಳಬಹುದಾದ ಹಾಳೆಗಳ ರೂಪದಲ್ಲಿ ಅವುಗಳನ್ನು ಉಚಿತವಾಗಿ ಹಂಚುತ್ತೇನೆ. ಅಂಥ ವಾಹನವೊಂದನ್ನು ನೋಡಿದವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಸಾಫ್ಟ್‌ವೇರಿನದು. ಹೆಸರುಗಳಲ್ಲಿ ಗುಟ್ಟೇನೂ ಇಲ್ಲ. ಮೂರು ಆಯಾಮದ ಆಕಾರವನ್ನು ಬ್ಲೆಂಡರ್‌ನಲ್ಲಿ ಕಟ್ಟುತ್ತೇನೆ. ಅದನ್ನು ಬಿಚ್ಚಿ ಚಪ್ಪಟೆಯಾಗಿ ಬಿಡಿಸುವುದಕ್ಕೆ ಬ್ಲೆಂಡರ್‌ಗೆ ಸೇರಿಸಿಕೊಳ್ಳುವ ಕಾಗದ ಮಾದರಿಯ ಆಡ್‌ಆನ್ ಸಾಕಾಗುತ್ತದೆ. ಬಿಡಿಸಿದ್ದನ್ನು ತಿದ್ದಿ ಬಣ್ಣ ತುಂಬುವುದು ಇಂಕ್‌ಸ್ಕೇಪ್‌ನಲ್ಲಿ. ಇವೆಲ್ಲ ಉಚಿತವಾಗಿ ಸಿಗುತ್ತವೆ. ವಿಂಡೋಸ್ ಬಳಸುವವರಲ್ಲಿ ಅನೇಕರು ಬಿಡಿಸುವ ಕೆಲಸಕ್ಕೆ ಜಪಾನಿನ ಪೆಪಕುರ ಡಿಸೈನರ್ ಅನ್ನು ಇಷ್ಟಪಡುತ್ತಾರೆ, ಅದೂ ಒಳ್ಳೆಯದೇ.

ಆದರೆ ಈ ಹೆಸರುಗಳನ್ನು ಮಾತ್ರ ತೆಗೆದುಕೊಂಡು ಹೋದವರು ಕೆಲವು ದಿನಗಳಲ್ಲೇ ಮತ್ತೆ ಬರುತ್ತಾರೆ. ಆಕಾರ ಚೆನ್ನಾಗಿಯೇ ಬಂತು, ಗುಂಡಿ ಒತ್ತಿದರೆ ಹಾಳೆಯ ತುಂಬ ಹತ್ತಾರು ಚೂರುಗಳು ಬಿದ್ದವು, ಯಾವುದನ್ನು ಯಾವುದಕ್ಕೆ ಅಂಟಿಸಬೇಕೆಂದು ತಿಳಿಯುತ್ತಿಲ್ಲ ಎನ್ನುತ್ತಾರೆ. ಸಾಫ್ಟ್‌ವೇರ್ ತಪ್ಪು ಮಾಡಿಲ್ಲ. ಕೊಟ್ಟ ಆಕಾರವನ್ನು ಬಿಡಿಸು ಎಂದರೆ ಅದು ಬಿಡಿಸುತ್ತದೆ. ಆ ಹಾಳೆಯನ್ನು ಒಬ್ಬ ಮನುಷ್ಯ ಕತ್ತರಿಸಬೇಕು, ಅವನ ಬೆರಳು ಪೆಟ್ಟಿಗೆಯೊಳಗೆ ಹೋಗಬೇಕು, ಆಮೇಲೆ ಆ ವಾಹನದ ಮಾಳಿಗೆಯ ಮೇಲೆ ಲೋಹದ ಗೊಂಬೆ ನಿಲ್ಲಬೇಕು ಎಂಬುದು ಅದರ ಲೆಕ್ಕದಲ್ಲಿ ಇಲ್ಲ. ಆ ಲೆಕ್ಕವನ್ನು ವಿನ್ಯಾಸಕ ಮೊದಲೇ ಹಾಕಿರಬೇಕು. ಆದ್ದರಿಂದ ನಿಜವಾದ ಉತ್ತರ ಸಾಫ್ಟ್‌ವೇರ್ ತೆರೆಯುವ ಮೊದಲಿನ ಮತ್ತು ಮುಚ್ಚಿದ ಮೇಲಿನ ಕೆಲಸದಲ್ಲಿದೆ.

ಘನಾಕೃತಿಯನ್ನು ಬಿಡಿಸಿ ಜಾಲಾಕೃತಿಯಾಗಿ, ಅಂದರೆ ಮತ್ತೆ ಮಡಿಸಿ ಕೂಡಿಸಬಹುದಾದ ಚಪ್ಪಟೆ ಆಕಾರವಾಗಿ, ಹರಡುವುದು ಗಣಕಯಂತ್ರ ಬಂದ ಮೇಲೆ ಹುಟ್ಟಿದ ಕಲೆಯಲ್ಲ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಜ್ಯಾಮಿತಿಯ ಪುಸ್ತಕದಲ್ಲಿಯೇ ಬಹುಮುಖ ಘನಾಕೃತಿಗಳನ್ನು ಹೀಗೆ ಬಿಚ್ಚಿ ಹರಡಿದ ಚಿತ್ರಗಳಿವೆ. ಅಲ್ಲಿಂದ ಹುಟ್ಟಿದ ಒಂದು ಪ್ರಶ್ನೆ ಇನ್ನೂ ಬಗೆಹರಿದಿಲ್ಲ: ಎಲ್ಲಿಯೂ ಒಳಕ್ಕೆ ತಗ್ಗಿಲ್ಲದ ಯಾವುದೇ ಬಹುಮುಖಿಯನ್ನು ಅದರ ಅಂಚುಗಳ ಉದ್ದಕ್ಕೆ ಮಾತ್ರ ಕತ್ತರಿಸಿ, ಒಂದೇ ತುಂಡಾಗಿ, ಒಂದು ಮುಖ ಇನ್ನೊಂದರ ಮೇಲೆ ಬೀಳದಂತೆ ಬಿಡಿಸಲು ಯಾವಾಗಲೂ ಸಾಧ್ಯವೇ? ಗಣಿತಜ್ಞ ಶೆಫರ್ಡ್ 1975ರಲ್ಲಿ ಇದನ್ನು ಖಚಿತ ರೂಪದಲ್ಲಿ ಮುಂದಿಟ್ಟರು. ನಮ್ಮ ಕೆಲಸಕ್ಕೆ ಇದರ ಉತ್ತರ ಬೇಕಿಲ್ಲ, ಏಕೆಂದರೆ ತುಂಡು ಎರಡಾದರೆ ಯಾರೂ ಬೇಸರಪಡುವುದಿಲ್ಲ. ಹೆಚ್ಚು ಕಾಡುವುದು 1827ರಲ್ಲಿ ಗಣಿತಜ್ಞ ಗಾಸ್ ಮಂಡಿಸಿದ ಪ್ರಮೇಯ. ಗೋಲದ ಮೇಲ್ಮೈಯನ್ನು ಹಿಗ್ಗಿಸದೆ, ಹರಿಯದೆ ಚಪ್ಪಟೆ ಮಾಡಲು ಬರುವುದಿಲ್ಲ ಎಂಬುದು ಅದರಿಂದ ಹೊರಡುವ ಮಾತು. ಕಾಗದ ಹಿಗ್ಗುವುದಿಲ್ಲ. ಹಾಗಾಗಿ ನಯವಾಗಿ ಉಬ್ಬಿದ ಗಾಜಿನ ಗುಮ್ಮಟ, ಮೀನಿನ ಮೈಯಂತೆ ಎರಡೂ ದಿಕ್ಕಿಗೆ ಬಾಗಿದ ಮೂತಿ, ಇವುಗಳನ್ನು ಬ್ಲೆಂಡರ್‌ನಲ್ಲಿ ಎಷ್ಟೇ ಚೆನ್ನಾಗಿ ಕಟ್ಟಿದರೂ ಹಾಳೆಗೆ ಬರುವಾಗ ಅವು ಸೀಳು ಸೀಳಾಗಿಯೇ ಬರುತ್ತವೆ. ಕಾಗದ ಒಪ್ಪುವುದು ಸಮತಲ, ಉರುಳೆ, ಶಂಕು ಮತ್ತು ಒಂದೇ ದಿಕ್ಕಿಗೆ ಬಾಗುವ ಅಂಥವೇ ಕೆಲವು ಮೇಲ್ಮೈಗಳನ್ನು ಮಾತ್ರ.

ವೈಜ್ಞಾನಿಕ ಕಲ್ಪನೆಯ ವಾಹನ ಈ ಕಾರಣಕ್ಕೇ ಕಾಗದಕ್ಕೆ ಹೇಳಿ ಮಾಡಿಸಿದ ವಸ್ತು. ಐತಿಹಾಸಿಕ ವಾಹನವಾದರೆ ನೋಡುವವರ ಕೈಯಲ್ಲಿ ಛಾಯಾಚಿತ್ರ ಇರುತ್ತದೆ, ಬಾಗಬೇಕಾದ ಕಡೆ ಬಾಗಿಲ್ಲವೆಂದು ಅವರು ತಕ್ಷಣ ಹೇಳುತ್ತಾರೆ. ಇಲ್ಲದ ವಾಹನಕ್ಕೆ ಆ ಕಾಟವಿಲ್ಲ. ಚಪ್ಪಟೆ ಫಲಕಗಳೇ ಅದರ ಕವಚ ಎಂದುಬಿಟ್ಟರೆ ಮುಗಿಯಿತು. ಇದು ಬರೀ ನೆಪವೂ ಅಲ್ಲ: 1981ರಲ್ಲಿ ಮೊದಲು ಹಾರಿದ ರಡಾರ್‌ನ ಕಣ್ಣು ತಪ್ಪಿಸಲೆಂದು ಮಾಡಿದ ಅಮೆರಿಕದ ಎಫ್-117 ವಿಮಾನದ ಮೈಯೆಲ್ಲ ಚಪ್ಪಟೆ ಮುಖಗಳಿಂದಲೇ ಕೂಡಿತ್ತು, ಏಕೆಂದರೆ ಅಂದಿನ ಗಣಕಯಂತ್ರಗಳಿಂದ ಬಾಗಿದ ಮೈಯ ರಡಾರ್ ಪ್ರತಿಫಲನವನ್ನು ಲೆಕ್ಕ ಹಾಕಿಸುವುದು ಕಷ್ಟವಾಗಿತ್ತು. ಚಕ್ರಗಳೂ ಕಡ್ಡಾಯವಲ್ಲ. ಕಾಗದದಲ್ಲಿ ಚಕ್ರ ಮಾಡುವಷ್ಟು ಬೇಸರದ ಕೆಲಸ ಮತ್ತೊಂದಿಲ್ಲವಾದ್ದರಿಂದ, ವಾಹನ ನೆಲದಿಂದ ಮೇಲೆ ತೇಲುತ್ತದೆ ಎಂದು ಘೋಷಿಸಿಬಿಡುವ ವಿನ್ಯಾಸಕರ ಬಗ್ಗೆ ನನಗೆ ಪೂರ್ಣ ಸಹಾನುಭೂತಿ ಇದೆ.

ಇನ್ನು ಒಂದು ವಾಹನವನ್ನೇ ಹತ್ತಿರದಿಂದ ನೋಡೋಣ. ಸೈನಿಕರನ್ನು ಸಾಗಿಸುವ, ಇಳಿಜಾರು ಮೂತಿಯ, ಪೆಟ್ಟಿಗೆಯಂಥ ಕವಚವಾಹನ. ಗೊಂಬೆಗಳು 28 ಮಿ.ಮೀ. ಅಳತೆಯವು, ಅಂದರೆ ಸುಮಾರು 1/56 ಪ್ರಮಾಣ. ನಾನು ಮೊದಲು ಬರೆಯುವುದು ವಾಹನವನ್ನಲ್ಲ, ಅದರ ಪಕ್ಕದಲ್ಲಿ ನಿಲ್ಲುವ ಗೊಂಬೆಯನ್ನು, ಅದೂ 25 ಮಿ.ಮೀ. ವ್ಯಾಸದ ಅದರ ಪೀಠದ ಸಮೇತ. ಮಾಳಿಗೆ 25ಕ್ಕಿಂತ ಕಿರಿದಾದರೆ ಆಟಗಾರ ಸೈನಿಕನನ್ನು ಮೇಲೆ ಹತ್ತಿಸಲಾರ. ಹಾಗಾಗಿ ಅಗಲ 50 ಎಂದು ಗೊತ್ತುಮಾಡಿಕೊಳ್ಳುತ್ತೇನೆ. ಇಬ್ಬರು ಪಕ್ಕ ಪಕ್ಕ ನಿಲ್ಲಬಹುದು. ಪಕ್ಕದಿಂದ ನೋಡಿದಾಗಿನ ರೇಖೆ ಹೀಗೆ ಬರುತ್ತದೆ: ತಳ 80 ಮಿ.ಮೀ., ಮೂತಿಯ ಕೆಳಭಾಗ 20, ಮೇಲಿನ ಇಳಿಜಾರು 45, ಮಾಳಿಗೆ 69, ಹಿಂಬದಿ 48. ಈ ಐದನ್ನೂ ಒಂದರ ಹಿಂದೊಂದು ಇಟ್ಟರೆ 50 ಅಗಲದ, 262 ಉದ್ದದ ಒಂದೇ ಪಟ್ಟಿ. ನಾಲ್ಕು ಮಡಿಕೆ ಹಾಕಿ ಸುತ್ತಿದರೆ ಮೈ ಆಯಿತು, ಎರಡು ಪಕ್ಕೆಗಳನ್ನು ಅಂಟಿಸಿದರೆ ಮುಗಿಯಿತು. ಒಟ್ಟು ಮೂರು ತುಂಡು. ಸಾಫ್ಟ್‌ವೇರ್‌ಗೆ ಬಿಟ್ಟಿದ್ದರೆ ಅದು ಮಾಳಿಗೆಯನ್ನು ಒಂದು ಪಕ್ಕೆಗೂ ಮೂತಿಯನ್ನು ಇನ್ನೊಂದಕ್ಕೂ ಜೋಡಿಸಿಕೊಡಬಹುದಿತ್ತು, ಜ್ಯಾಮಿತಿಗೆ ಅದೂ ಸರಿಯೇ.

ಈಗ ಹಾಳೆಯ ಪ್ರಶ್ನೆ. ತುದಿಯಲ್ಲಿ ಮಡಿಸಿ ಅಂಟಿಸುವ ಕಿರುಪಟ್ಟಿಗೆ 6 ಮಿ.ಮೀ. ಸೇರಿಸಿದರೆ ಉದ್ದ 268 ಆಗುತ್ತದೆ. ಎ4 ಹಾಳೆ 297 ಮಿ.ಮೀ. ಉದ್ದವಿರುವುದರಿಂದ ಎರಡೂ ತುದಿಗೆ ಹತ್ತು ಹತ್ತು ಬಿಟ್ಟರೂ ಅದು ಹಿಡಿಯುತ್ತದೆ. ಉತ್ತರ ಅಮೆರಿಕದವರು ಬಳಸುವ ಲೆಟರ್ ಹಾಳೆಯ ಉದ್ದ 279 ಮಾತ್ರ, ಅದೇ ಅಂಚು ಬಿಟ್ಟರೆ ಉಳಿಯುವುದು 259. ಪಟ್ಟಿ ಹಿಡಿಯುವುದಿಲ್ಲ. ಹಾಗೆಂದು ಇಡೀ ವಾಹನವನ್ನು ಕುಗ್ಗಿಸಿದರೆ ಗೊಂಬೆಯ ಅಳತೆ ತಪ್ಪುತ್ತದೆ. ಆದ್ದರಿಂದ ಹಿಂಬದಿಯ 48ನ್ನು ಪಟ್ಟಿಯಿಂದ ಬೇರ್ಪಡಿಸುತ್ತೇನೆ, ಉಳಿಯುವುದು 214. ಹಾಗೆ ಬೇರೆಯಾದ ಹಿಂಬದಿಗೆ ಕೆಳಗಿನ ಅಂಚಿನಲ್ಲಿ ಮಾತ್ರ ಅಂಟು ಕೊಟ್ಟರೆ ಅದು ಕೆಳಕ್ಕೆ ತೆರೆದುಕೊಳ್ಳುವ ಬಾಗಿಲೇ ಆಗುತ್ತದೆ. ಸೈನಿಕರು ಇಳಿಯುವ ಇಳಿಜಾರು ಹಲಗೆ ಬೇಕೆಂದು ಆಟಗಾರರು ಹೇಗೂ ಕೇಳುವವರೇ. ಒಳ್ಳೆಯ ವಿನ್ಯಾಸದ ತೀರ್ಮಾನಗಳಲ್ಲಿ ಎಷ್ಟೋ ಹೀಗೆ ಹಾಳೆಯ ಅಂಚಿನಿಂದ ಬರುತ್ತವೆ.

ಅಂಟಿಸುವ ಪಟ್ಟಿ ಯಾವ ತುಂಡಿನಲ್ಲಿ ಇರಬೇಕು ಎಂಬುದನ್ನು ಹೊಸಬರು ಯೋಚಿಸುವುದೇ ಇಲ್ಲ. ಪೆಟ್ಟಿಗೆ ಮುಚ್ಚುತ್ತಾ ಬಂದಂತೆ ಒಳಗಿನಿಂದ ಬೆರಳಿನ ಆಸರೆ ತಪ್ಪುತ್ತದೆ. ಆಸರೆಯಿಲ್ಲದ ಕಡೆ ಅಂಟಿನ ಪಟ್ಟಿಯನ್ನು ಒತ್ತಲಾಗುವುದಿಲ್ಲ, ಒತ್ತದಿದ್ದರೆ ಅದು ಬಿಟ್ಟುಕೊಳ್ಳುತ್ತದೆ. ಹಾಗಾಗಿ ಕೊನೆಗೆ ಮುಚ್ಚುವ ಅಂಚು ಯಾವಾಗಲೂ ತಳದ್ದಾಗಿರುವಂತೆ ಕ್ರಮವನ್ನು ಹಾಕಿಕೊಳ್ಳುತ್ತೇನೆ. ತಳದ ನಡುವೆ ಪೆನ್ಸಿಲ್ ಹೋಗುವಷ್ಟು ಕಿಂಡಿಯನ್ನೂ ಬಿಡುತ್ತೇನೆ, ಅದರ ಮೊಂಡು ತುದಿಯಿಂದ ಒಳಗಿನ ಪಟ್ಟಿಗಳನ್ನು ಒತ್ತಬಹುದು. ಆಟದ ಮೇಜಿನ ಮೇಲೆ ತಳವನ್ನು ಯಾರೂ ನೋಡುವುದಿಲ್ಲ. ಅಂಟಿನ ಪಟ್ಟಿಯ ಎರಡೂ ತುದಿಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸುವಂತೆ ಬರೆಯದಿದ್ದರೆ ಮೂಲೆಯಲ್ಲಿ ಎರಡು ಪಟ್ಟಿಗಳು ಒಂದರ ಮೇಲೊಂದು ಕೂತು ಉಬ್ಬುತ್ತವೆ. ಮಾಳಿಗೆಯ ಕೆಳಗೆ, ಸರಿಯಾಗಿ ನಡುವೆ, ಒಂದು ಅಡ್ಡ ಗೋಡೆ ಬೇಕೇ ಬೇಕು. ಇಲ್ಲವಾದರೆ ಲೋಹದ ಗೊಂಬೆಯ ಭಾರಕ್ಕೆ ಮಾಳಿಗೆ ಕುಸಿಯುತ್ತದೆ.

ಮಾಳಿಗೆಯ ಮೇಲೆ ಕೂರುವ, ತಿರುಗುವ ಗೋಪುರದ ಹಿಂದಿನ ಎಂಜಿನ್ ಕೊಳವೆ ಶಂಕುವಿನ ತುಂಡು. ಅಲ್ಲಿ ನಾನು ಬ್ಲೆಂಡರನ್ನು ಬಳಸುವುದಿಲ್ಲ, ಏಕೆಂದರೆ ಅದು ಶಂಕುವನ್ನು ಸಣ್ಣ ಸಣ್ಣ ಚಪ್ಪಟೆ ಪಟ್ಟಿಗಳಾಗಿ ಒಡೆದು, ಪ್ರತಿಯೊಂದರ ನಡುವೆಯೂ ಮಡಿಕೆಯ ಗೆರೆ ಎಳೆಯುತ್ತದೆ. ಕೈಲೆಕ್ಕವೇ ವಾಸಿ. ಕೊಳವೆಯ ಅಗಲ ಬಾಯಿಯ ತ್ರಿಜ್ಯ 12, ಕಿರಿಯ ಬಾಯಿಯದು 6, ಓರೆಯ ಉದ್ದ 15 ಎಂದಿಟ್ಟುಕೊಳ್ಳಿ. ಶಂಕುವನ್ನು ತುದಿಯವರೆಗೆ ಬೆಳೆಸಿದರೆ ಓರೆಯ ಉದ್ದ 30 ಆಗುತ್ತದೆ. 12ನ್ನು 30ರಿಂದ ಭಾಗಿಸಿ 360ರಿಂದ ಗುಣಿಸಿದರೆ 144. ಅಂದರೆ 30 ಮತ್ತು 15 ತ್ರಿಜ್ಯದ ಎರಡು ವೃತ್ತಗಳ ನಡುವೆ 144 ಡಿಗ್ರಿಯ ಕಮಾನು ಬರೆದು, ಒಂದು ತುದಿಗೆ ಅಂಟಿನ ಪಟ್ಟಿ ಸೇರಿಸಿದರೆ ಕೊಳವೆ ಸಿದ್ಧ. ಕತ್ತರಿಸಿದ ಮೇಲೆ ಅದನ್ನು ಪೆನ್ನಿನ ಸುತ್ತ ಉಜ್ಜಿ ಬಾಗಿಸಿಕೊಳ್ಳುವುದನ್ನು ಸೂಚನೆಯಲ್ಲಿ ಬರೆಯಬೇಕು.

ಕಾಗದಕ್ಕೆ ದಪ್ಪವಿದೆ ಎಂಬುದನ್ನೂ ಸಾಫ್ಟ್‌ವೇರ್ ಸಾಮಾನ್ಯವಾಗಿ ಮರೆಯುತ್ತದೆ. ನಾನು ಸೂಚಿಸುವ 200 ಜಿಎಸ್ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ಕಾಗದ ಸುಮಾರು ಕಾಲು ಮಿ.ಮೀ. ದಪ್ಪ. ತಿರುಗುವ ಗೋಪುರದ ಕಂಠ 20 ಮಿ.ಮೀ. ವ್ಯಾಸದ್ದಾದರೆ ಮಾಳಿಗೆಯ ರಂಧ್ರವನ್ನು 21 ಮಾಡಬೇಕಾಗುತ್ತದೆ. ಮಡಿಕೆಯ ಗೆರೆಯ ಮೇಲೆ ಮಸಿ ಮುಗಿದ ಬಾಲ್‌ಪೆನ್ನನ್ನು ಅಳತೆಪಟ್ಟಿ ಹಿಡಿದು ಎಳೆದು ಗೀರಿಕೊಳ್ಳದೆ ಮಡಿಸಿದರೆ ಎಂಥ ವಿನ್ಯಾಸವೂ ಹಾಳು.

ಬಣ್ಣದ ವಿಷಯದಲ್ಲಿ ಎರಡೇ ಮಾತು. ಕತ್ತರಿಸುವ ಗೆರೆಯನ್ನು ಕಪ್ಪಾಗಿ ಎಳೆಯದೆ ಪಕ್ಕದ ಬಣ್ಣದ್ದೇ ಗಾಢ ಛಾಯೆಯಲ್ಲಿ ಎಳೆದು, ಬಣ್ಣವನ್ನು ಗೆರೆಯಾಚೆ 2 ಮಿ.ಮೀ. ಹರಿಸಿದರೆ ಕತ್ತರಿ ಸ್ವಲ್ಪ ಜಾರಿದರೂ ಗೊತ್ತಾಗುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಇಣುಕುವ ಬಿಳಿಯನ್ನು ಬೂದು ಮಾರ್ಕರಿನಿಂದ ತೀಡಿಬಿಟ್ಟರೆ ಮಾದರಿಯ ಮುಖವೇ ಬದಲಾಗುತ್ತದೆ. ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಹೆಚ್ಚು ಫಲ ಕೊಡುವುದು ಬೇರೆ ಇಲ್ಲ.

ಹಂಚುವ ಕಡತದ ಸಿದ್ಧತೆಗೆ ವಿನ್ಯಾಸದಷ್ಟೇ ಸಮಯ ಹಿಡಿಯುತ್ತದೆ, ಮತ್ತು ಅದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನನ್ನ ಹಾಳೆಗಳೆಲ್ಲ ಪಿಡಿಎಫ್ ರೂಪದಲ್ಲಿರುತ್ತವೆ. ಮುದ್ರಿಸುವಾಗ "ಪುಟಕ್ಕೆ ಹೊಂದಿಸು" ಎಂಬ ಆಯ್ಕೆ ತಾನಾಗಿಯೇ ಚಾಲೂ ಇದ್ದರೆ ಅಳತೆ ಶೇಕಡಾ ಕೆಲವು ಪಾಲು ಕುಗ್ಗುತ್ತದೆ. ಒಂದೇ ವಾಹನದ ಎರಡು ಹಾಳೆಗಳನ್ನು ಬೇರೆ ಬೇರೆ ಆಯ್ಕೆಯಲ್ಲಿ ಮುದ್ರಿಸಿದವರಿಗೆ ಗೋಪುರ ರಂಧ್ರದಲ್ಲಿ ಕೂರುವುದಿಲ್ಲ. ಅದಕ್ಕಾಗಿ ಪ್ರತಿ ಹಾಳೆಯ ಮೂಲೆಯಲ್ಲೂ ಸರಿಯಾಗಿ 50 ಮಿ.ಮೀ. ಉದ್ದದ ಅಳತೆಗೆರೆ ಇಡುತ್ತೇನೆ. ಕತ್ತರಿ ಹಿಡಿಯುವ ಮೊದಲು ಅದನ್ನು ಅಳೆಯಿರಿ ಎಂದು ಪಕ್ಕದಲ್ಲೇ ಬರೆದಿರುತ್ತದೆ. ತುಂಡುಗಳ ಸಂಖ್ಯೆ ಅಂಟಿನ ಪಟ್ಟಿಯ ಮೇಲೆ ಇರುತ್ತದೆ, ಏಕೆಂದರೆ ಹೊರಗಿನ ಬಿಳಿ ಜಾಗದಲ್ಲಿ ಬರೆದದ್ದು ಕತ್ತರಿಸಿದ ಕೂಡಲೇ ಕಸಕ್ಕೆ ಹೋಗುತ್ತದೆ. ಬಣ್ಣದ ಬದಲಾವಣೆಗಳನ್ನು ಪಿಡಿಎಫ್‌ನ ಪದರಗಳಲ್ಲಿ ಅಡಗಿಸಿ ಆಯ್ದುಕೊಳ್ಳಲು ಬಿಡುವ ವಿನ್ಯಾಸಕರಿದ್ದಾರೆ. ನೋಡಲು ಸೊಗಸು, ಆದರೆ ಫೋನಿನಲ್ಲಿ ತೆರೆಯುವ ಅನೇಕ ಆ್ಯಪ್‌ಗಳು ಪದರಗಳನ್ನು ಲೆಕ್ಕಿಸುವುದಿಲ್ಲ. ಹಾಗಾಗಿ ನಾನು ಪ್ರತಿ ಬಣ್ಣಕ್ಕೂ ಬೇರೆ ಪುಟವನ್ನೇ ಕೊಡುತ್ತೇನೆ. ಬರೀ ಗೆರೆಗಳಿರುವ ಒಂದು ಪುಟವೂ ಇರುತ್ತದೆ. ಶಾಯಿ ಉಳಿಸುವವರಿಗೆ ಅದು ಅನುಕೂಲ, ತಾವೇ ಬಣ್ಣ ಹಚ್ಚುವ ಮಕ್ಕಳಿಗೆ ಅದೇ ಹೆಚ್ಚು ಇಷ್ಟ.

ಇದೇ ವಾಹನವನ್ನು 15 ಮಿ.ಮೀ. ಗೊಂಬೆಗಳಿಗೆ ಬಳಸಬಹುದೇ ಎಂದು ಕೇಳುವವರಿಗೆ ಶೇಕಡಾ 54ಕ್ಕೆ ಇಳಿಸಿ ಮುದ್ರಿಸಿ ಎನ್ನುವುದು ಅರ್ಧ ಉತ್ತರ. ಅಂಟಿನ ಪಟ್ಟಿಯೂ 6ರಿಂದ 3 ಮಿ.ಮೀ. ಆಸುಪಾಸಿಗೆ ಇಳಿಯುತ್ತದೆ, ಕಾಗದದ ದಪ್ಪ ಮಾತ್ರ ಇಳಿಯುವುದಿಲ್ಲ. 120 ಜಿಎಸ್ಎಂ ಕಾಗದಕ್ಕೆ ಬದಲಾಯಿಸಿಕೊಂಡು, ಒಳಗಿನ ಅಡ್ಡ ಗೋಡೆಯನ್ನು ಬಿಟ್ಟುಬಿಡುವುದು ಮೇಲು.

ಪಿಡಿಎಫ್ ಜೊತೆ ಇಂಕ್‌ಸ್ಕೇಪ್‌ನಲ್ಲಿ ತೆರೆದು ತಿದ್ದಬಹುದಾದ ಎಸ್‌ವಿಜಿ ಕಡತವನ್ನೂ ಕೊಡುತ್ತೇನೆ, ಬ್ಲೆಂಡರ್ ಕಡತವನ್ನು ಕೊಡುವುದಿಲ್ಲ. ಬೇರ್ಪಡಿಸಿದ ಬಾಗಿಲು, ತಳದ ಕಿಂಡಿ, ಹಿಗ್ಗಿಸಿದ ರಂಧ್ರ, ಕೈಲೆಕ್ಕದ ಕೊಳವೆ ಇವೆಲ್ಲ ಎಸ್‌ವಿಜಿಯಲ್ಲಿ ಮಾತ್ರ ಇವೆ. ಅದನ್ನು ತಿದ್ದಿ ಆಂಬುಲೆನ್ಸ್ ಮಾಡಿದವರಿದ್ದಾರೆ, ಗೋಪುರ ಕಿತ್ತು ಸರಕಿನ ಗಾಡಿ ಮಾಡಿದವರೂ ಇದ್ದಾರೆ. ಪರವಾನಗಿ ಕ್ರಿಯೇಟಿವ್ ಕಾಮನ್ಸ್‌ನದು: ಮೂಲ ವಿನ್ಯಾಸಕರ ಹೆಸರು ಹೇಳಬೇಕು, ಮಾರಬಾರದು, ತಿದ್ದಿ ಹಂಚುವುದಾದರೆ ಇದೇ ಷರತ್ತುಗಳಲ್ಲಿ ಹಂಚಬೇಕು. ಚಲನಚಿತ್ರವೊಂದರ ಪ್ರಸಿದ್ಧ ನೌಕೆಯನ್ನು ಮಾಡಿಕೊಡಿ ಎಂದು ಕೇಳುವವರಿಗೆ ಆಗುವುದಿಲ್ಲ ಎನ್ನುತ್ತೇನೆ, ಏಕೆಂದರೆ ನನ್ನದಲ್ಲದ ಆಕಾರಕ್ಕೆ ಆ ಪರವಾನಗಿಯನ್ನು ಕೊಡುವ ಹಕ್ಕು ನನಗಿಲ್ಲ.