ಪ್ರೀಪೇಯ್ಡೇ ಇರಲಾ, ಪೋಸ್ಟ್‌ಪೇಯ್ಡ್ ಮಾಡಿಸಲಾ?

ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ: "ಅಣ್ಣಾ, ತಿಂಗಳು ತಿಂಗಳು ಕರೆನ್ಸಿ ಹಾಕ್ಸಿ ಸಾಕಾಗಿದೆ, ಪೋಸ್ಟ್‌ಪೇಯ್ಡ್ ಮಾಡ್ಸಿಬಿಡ್ಲಾ?" ಹೆಚ್ಚಿನವರಿಗೆ ನಾನು ಬೇಡ ಅನ್ನುತ್ತೇನೆ. ಆದರೆ ಅದಕ್ಕೂ ಮುಂಚೆ ಒಂದು ಮಾತು ಕೇಳುತ್ತೇನೆ: ಆ ನಂಬರ್ ಯಾರ ಕೈಯಲ್ಲಿದೆ, ಅದಕ್ಕೆ ಏನೇನು ಲಿಂಕ್ ಆಗಿದೆ?

ತಿಂಗಳ ಪ್ಯಾಕ್ ಅಂತ ನಾವು ಕರೆಯುವುದರಲ್ಲಿ ಬಹುಪಾಲು 28 ದಿನದ್ದು. ಹಾಗಾಗಿ ವರ್ಷಕ್ಕೆ 12 ಸಲ ಹಾಕಿಸಿದರೆ ಸಾಲದು, 13 ಬೇಕು. ಇದರ ಬಗ್ಗೆ ದೂರು ಬಂದ ಮೇಲೆ, ಪ್ರತಿ ಕಂಪನಿಯೂ ಕನಿಷ್ಠ ಒಂದಾದರೂ 30 ದಿನದ ಪ್ಯಾಕ್, ಪ್ರತಿ ತಿಂಗಳು ಅದೇ ತಾರೀಖಿಗೆ ಹಾಕಿಸುವಂಥ ಇನ್ನೊಂದು ಪ್ಯಾಕ್ ಇಡಲೇಬೇಕು ಅಂತ 2022ರಲ್ಲಿ ಟ್ರಾಯ್ (ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸರ್ಕಾರಿ ಸಂಸ್ಥೆ) ಆದೇಶ ಮಾಡಿತು. ಬೇಕಿದ್ದರೆ ಬಾಯಿಬಿಟ್ಟು ಕೇಳಿ.

ಪ್ರೀಪೇಯ್ಡ್‌ನಲ್ಲಿ ನನಗೆ ಇಷ್ಟವಾಗುವುದು, ಕೊಟ್ಟಷ್ಟೇ ಖರ್ಚು. ಕೂಲಿ ಸಿಕ್ಕ ವಾರ ಹಾಕಿಸಬಹುದು, ಸಿಗದಿದ್ದರೆ ಎರಡು ದಿನ ತಡೆಯಬಹುದು. ಮೈಮೇಲೆ ಬಾಕಿ ಬರುವುದಿಲ್ಲ. ಪೋಸ್ಟ್‌ಪೇಯ್ಡ್‌ನಲ್ಲಿ 399 ಅಂತ ಹೇಳಿದರೂ ಅದರ ಮೇಲೆ 18% ಜಿಎಸ್‌ಟಿ ಸೇರಿ ಬಿಲ್ ಸುಮಾರು 471 ಆಗುತ್ತದೆ. ಪ್ರೀಪೇಯ್ಡ್ ದರದಲ್ಲಿ ತೆರಿಗೆ ಒಳಗೇ ಇರುತ್ತದೆ, ಹೋಲಿಸುವಾಗ ಇದನ್ನು ಮರೆಯಬೇಡಿ. ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬೇಕು, ಅಂದರೆ ಪೋರ್ಟ್ ಮಾಡಿಸಬೇಕು ಅಂದಾಗ, ಗಡುವು ದಾಟಿದ ಬಿಲ್ ಬಾಕಿ ಇದ್ದರೆ ಪೋರ್ಟ್ ಆಗುವುದಿಲ್ಲ.

ಹಾಗಾದರೆ ಪೋಸ್ಟ್‌ಪೇಯ್ಡ್ ಯಾರಿಗೆ? ಮಧ್ಯದಲ್ಲಿ ಫೋನ್ ನಿಂತರೆ ದುಡಿಮೆಯೇ ನಿಲ್ಲುವವರಿಗೆ, ಆಗಾಗ ವಿದೇಶಕ್ಕೆ ಹೋಗುವವರಿಗೆ, ಆಫೀಸು ಬಿಲ್ ಕಟ್ಟುವವರಿಗೆ. ಮನೆಯಲ್ಲಿ ಮೂರು ನಾಲ್ಕು ನಂಬರ್ ಇದ್ದರೆ ಫ್ಯಾಮಿಲಿ ಪ್ಲಾನ್ ನಿಜಕ್ಕೂ ಅನುಕೂಲ. ಬೆಂಗಳೂರಿನಲ್ಲಿರುವ ಮಗ ಒಂದೇ ಬಿಲ್ ಕಟ್ಟಿದರೆ ಊರಲ್ಲಿರುವ ಅಪ್ಪ ಅಮ್ಮನ ಫೋನ್ ನಡೆಯುತ್ತದೆ. ಅವನ ಸಂಬಳ ನಿಯಮಿತವಾಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ವಯಸ್ಸಾದವರ ವಿಷಯಕ್ಕೆ ಬಂದರೆ ನನಗೆ ಸಂಕಟವಾಗುತ್ತದೆ. ಕೀಪ್ಯಾಡ್ ಫೋನ್ ಹಿಡಿದ ಅಜ್ಜಿಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ ಯಾಕೆ? ಆಕೆಗೆ ಬೇಕಾದ್ದು ಮಗಳ ಕರೆ, ಬ್ಯಾಂಕಿನ ಓಟಿಪಿ. ಎಷ್ಟೋ ವರ್ಷ ಇಂಥವರೂ ಡೇಟಾಗೆ ದುಡ್ಡು ತೆತ್ತರು. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಮತ್ತೊಂದು ಆದೇಶ ಹೊರಡಿಸಿ, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್ ಕೊಡಲೇಬೇಕು ಅಂದಿತು. ಅದರ ವ್ಯಾಲಿಡಿಟಿ 365 ದಿನದವರೆಗೂ ಇರಬಹುದು. ಅಜ್ಜಿಯ ಮೊಮ್ಮಕ್ಕಳು ಬಂದರೆ ನಾನು ಮೊದಲು ತೋರಿಸುವುದು ಇದನ್ನೇ. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದಾಗ ಹಾಕಿಸಿ ಹೋದರೆ ಆಯಿತು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ವ್ಯಾಲಿಡಿಟಿ ಮುಗಿದ ಪ್ರೀಪೇಯ್ಡ್ ನಂಬರ್‌ನಲ್ಲಿ ಮೊದಲು ಔಟ್‌ಗೋಯಿಂಗ್ ನಿಲ್ಲುತ್ತದೆ, ಹಾಗೇ ಬಿಟ್ಟರೆ ಇನ್‌ಕಮಿಂಗ್ ಕೂಡ. 90 ದಿನ ಬಳಸದೇ ಬಿಟ್ಟ ನಂಬರ್ ರದ್ದಾಗಿ, ಮುಂದೆ ಬೇರೆಯವರಿಗೂ ಹೋಗಬಹುದು. ಆಧಾರ್, ಪಿಂಚಣಿ ಬರುವ ಖಾತೆ, ಗ್ಯಾಸ್ ಬುಕಿಂಗ್ ಎಲ್ಲವೂ ಅದೇ ನಂಬರಿಗಿದ್ದರೆ, ಹೊಸ ನಂಬರ್ ಸೇರಿಸಲು ಆ ವಯಸ್ಸಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ದುಬೈಗೋ ಕತಾರಿಗೋ ಕೆಲಸಕ್ಕೆ ಹೋಗುವವರೂ ಊರಿನ ಸಿಮ್ಮಿಗೆ ವರ್ಷದ ಪ್ಯಾಕ್ ಹಾಕಿಸಿಕೊಂಡೇ ವಿಮಾನ ಹತ್ತಲಿ.

ವರ್ಷದ ಪ್ಯಾಕ್‌ಗೆ ಇನ್ನೊಂದು ಲಾಭವಿದೆ. 2024ರ ಜುಲೈನಲ್ಲಿ ಮೂರು ಖಾಸಗಿ ಕಂಪನಿಗಳೂ ದರ ಏರಿಸಿದಾಗ, ಮೊದಲೇ ಉದ್ದದ ಪ್ಯಾಕ್ ಹಾಕಿಸಿದ್ದವರಿಗೆ ಅದು ಮುಗಿಯುವವರೆಗೂ ಹಳೆಯ ದರವೇ ನಡೆಯಿತು. ಆದರೆ ಒಟ್ಟಿಗೆ ಅಷ್ಟು ದುಡ್ಡು ಹಾಕುವ ಮೊದಲು ನಿಮ್ಮ ಮನೆಯೊಳಗೆ, ತೋಟದಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ ಅಂತ ನೋಡಿಕೊಳ್ಳಿ. ಗೊತ್ತಿಲ್ಲದಿದ್ದರೆ ಮೊದಲ ಸಲ 28 ದಿನದ್ದನ್ನೇ ಹಾಕಿಸಿ.